ರಾಜ್ಯಶಾಸ್ತ್ರ ಓದಿದರೆ ಏನು ಬಂತು?

ಹನ್ನೆರಡನೆಯ ತರಗತಿ ಮುಗಿಸಿದ ಮಗಳು "ನಾನು ರಾಜ್ಯಶಾಸ್ತ್ರ ಓದುತ್ತೇನೆ" ಎಂದರೆ ನಮ್ಮ ಅನೇಕ ಮನೆಗಳಲ್ಲಿ ಮೌನ ಕವಿಯುತ್ತದೆ. "ರಾಜಕೀಯಕ್ಕೆ ಇಳೀತೀಯೇನೇ?" ಎಂದು ಅಪ್ಪ ನಗುತ್ತಾರೆ. "ಓದಿದ ಮೇಲೆ ಸಂಬಳ ಯಾರು ಕೊಡ್ತಾರೆ?" ಎಂದು ಅಮ್ಮ ಕೇಳುತ್ತಾರೆ. ಊರು ಬಿಟ್ಟು ಹೊಟ್ಟೆಪಾಡಿಗೆ ಮಹಾನಗರ ಸೇರಿದವರಿಗೆ ಈ ಅಳುಕು ಸಹಜವೇ. ಆದ್ದರಿಂದ ಎರಡೂ ಪ್ರಶ್ನೆಗಳಿಗೆ ಇಂದು ಉತ್ತರ ನೋಡೋಣ.

ಮೊದಲನೆಯದು. ರಾಜ್ಯಶಾಸ್ತ್ರ ಎಂದರೆ ಚುನಾವಣೆಗೆ ನಿಲ್ಲುವ ತರಬೇತಿಯಲ್ಲ. ಅಧಿಕಾರ ಯಾರ ಕೈಯಲ್ಲಿದೆ, ಅದನ್ನು ಕೊಟ್ಟವರು ಯಾರು, ಅದಕ್ಕೆ ಕಡಿವಾಣ ಎಲ್ಲಿದೆ ಎಂದು ಕೇಳುವ ಶಾಸ್ತ್ರ ಅದು. ಒಂದು ಉದಾಹರಣೆ ನಮ್ಮ ನಾಡಿನದೇ. 1989ರಲ್ಲಿ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಿ ಕರ್ನಾಟಕದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಬಹುಮತ ಸಾಬೀತುಪಡಿಸಲು ಅವರಿಗೆ ಅವಕಾಶವೇ ಸಿಗಲಿಲ್ಲ. ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 1994ರಲ್ಲಿ ತೀರ್ಪಿತ್ತು, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದಿತು. ಇಂದು ಯಾವುದೇ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ಈ ತೀರ್ಪಿನ ಮಾತು ಬಂದೇ ಬರುತ್ತದೆ. ಟೀವಿಯಲ್ಲಿ ನಾವು ಜಗಳವನ್ನಷ್ಟೇ ಕಾಣುತ್ತೇವೆ. ಈ ವಿಷಯ ಓದಿದವರಿಗೆ ಜಗಳದ ಹಿಂದಿನ ನಿಯಮವೂ ಕಾಣುತ್ತದೆ.

ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಇದನ್ನು ಓದುವುದರ ಲಾಭ ಬೇರೆ. ಅಲ್ಲಿ ರಾಜ್ಯಶಾಸ್ತ್ರದ ಪಕ್ಕದಲ್ಲೇ ಅರ್ಥಶಾಸ್ತ್ರ, ಇತಿಹಾಸ, ಸಾಹಿತ್ಯ, ಸಂಖ್ಯಾಶಾಸ್ತ್ರಗಳನ್ನೂ ಆಯ್ದುಕೊಳ್ಳಬಹುದು. ಗೈಡ್ ಬಾಯಿಪಾಠ ಮಾಡುವುದರ ಬದಲು ಮೂಲಗ್ರಂಥವನ್ನೇ ಓದಿ, ತರಗತಿಯಲ್ಲಿ ಚರ್ಚಿಸಿ, ಸ್ವಂತ ಪ್ರಬಂಧ ಬರೆಯಬೇಕು. ಅರಿಸ್ಟಾಟಲ್‌ನ ಜೊತೆಗೆ ಕೌಟಿಲ್ಯನನ್ನೂ ಓದಬಹುದು. ಆ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಗ್ರಂಥಾಲಯದಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು ಎಂಬುದನ್ನು ನಿಮ್ಮ ಮಕ್ಕಳಿಗೆ ಅಗತ್ಯವಾಗಿ ಹೇಳಿ.

ಇನ್ನು ಅಮ್ಮನ ಪ್ರಶ್ನೆ. ನಿಜ ಹೇಳಬೇಕೆಂದರೆ, ಬರೀ ಬಿ.ಎ. ಪದವಿಯಿಂದ ದೊಡ್ಡ ಸಂಬಳದ ಕೆಲಸ ಸಿಗುವುದು ಸುಲಭವಲ್ಲ. ಮುಂದಿನ ಮೆಟ್ಟಿಲನ್ನೂ ಯೋಚಿಸಿಕೊಂಡಿರಬೇಕು. ಪದವಿಯ ನಂತರ 3 ವರ್ಷದ ಕಾನೂನು ಓದಬಹುದು. ಪತ್ರಿಕೋದ್ಯಮ, ಅಧ್ಯಾಪನ, ಸಂಶೋಧನೆಗಳಿವೆ. ಸಿವಿಲ್ ಸರ್ವೀಸಸ್ ಪರೀಕ್ಷೆಯಲ್ಲಿ ಸಂವಿಧಾನ ಮತ್ತು ಆಡಳಿತ ಎಲ್ಲರಿಗೂ ಕಡ್ಡಾಯ. ರಾಜ್ಯಶಾಸ್ತ್ರವನ್ನು ಐಚ್ಛಿಕ ವಿಷಯವಾಗಿಯೂ ತೆಗೆದುಕೊಳ್ಳಬಹುದು.

ಕಾಲೇಜು ಆರಿಸುವಾಗ ಕಟ್ಟಡ ನೋಡಿ ಮರುಳಾಗಬೇಡಿ. ಪಠ್ಯಕ್ರಮ ತರಿಸಿ ಓದಿ. ಕಾಯಂ ಅಧ್ಯಾಪಕರು ಎಷ್ಟು, ಗ್ರಂಥಾಲಯ ಹೇಗಿದೆ, ವಿದ್ಯಾರ್ಥಿಗಳು ಎಷ್ಟು ಬರೆಯುತ್ತಾರೆ ಎಂದು ವಿಚಾರಿಸಿ. ಖಾಸಗಿ ವಿಶ್ವವಿದ್ಯಾಲಯಗಳ ಶುಲ್ಕ ಲಕ್ಷಗಳಲ್ಲಿರುತ್ತದೆ. ವಿದ್ಯಾರ್ಥಿವೇತನದ ಬಗ್ಗೆ ಮೊದಲೇ ಕೇಳಿ. ದೆಹಲಿ ವಿಶ್ವವಿದ್ಯಾಲಯದ ಹಳೆಯ ಕಾಲೇಜುಗಳಲ್ಲಿ ಖರ್ಚು ಬಹಳ ಕಡಿಮೆ, ಆದರೆ 2022ರಿಂದ ಪ್ರವೇಶಕ್ಕೆ ಸಿಯುಇಟಿ ಪರೀಕ್ಷೆ ಬರೆಯಬೇಕು.

ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ ಓದಿ 1912ರಲ್ಲಿ ಬಿ.ಎ. ಪಡೆದ ವಿದ್ಯಾರ್ಥಿಯೊಬ್ಬರು ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. ಅವರು ಡಾ. ಅಂಬೇಡ್ಕರ್. ಎಲ್ಲರೂ ಅಂಬೇಡ್ಕರ್ ಆಗುವುದಿಲ್ಲ, ನಿಜ. ಆದರೆ ಪರಊರಿನಲ್ಲಿ ಬಾಳುವ ನಮಗೆ ರೇಷನ್ ಕಾರ್ಡಿನಿಂದ ಮತದಾರರ ಪಟ್ಟಿಯವರೆಗೆ ದಿನವೂ ಸರ್ಕಾರದೊಡನೆ ವ್ಯವಹಾರ. "ಇದು ಯಾವ ನಿಯಮದ ಪ್ರಕಾರ ಸ್ವಾಮಿ?" ಎಂದು ವಿನಯದಿಂದ, ಹೆದರದೆ ಕೇಳಬಲ್ಲವರು ಮನೆಗೊಬ್ಬರಿದ್ದರೆ ಒಳ್ಳೆಯದಲ್ಲವೇ? ಮಗಳ ಆಸೆಗೆ ಬೇಡ ಎನ್ನುವ ಮುನ್ನ ಅವಳ ಜೊತೆ ಕೂತು ಒಮ್ಮೆ ಮಾತನಾಡಿ.