ಓರೆ ಅಕ್ಷರ ಮತ್ತು ನಮ್ಮ ಕನ್ನಡ



ನಮ್ಮ ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಪುಟ ಜೋಡಿಸುವವರಲ್ಲಿ ನಾನೂ ಒಬ್ಬ. ಅದರ ಇಂಗ್ಲಿಷ್ ಪುಟಗಳಿಗೆ ನಾನು ಬಳಸುವುದು ಅಡೋಬಿ ಗ್ಯಾರಮಂಡ್ ಎಂಬ ಫಾಂಟ್. ಅದರ ಇಟಾಲಿಕ್ ಅಕ್ಷರದ ಬಗ್ಗೆ, ಅದನ್ನು ಕನ್ನಡದ ಮೇಲೆ ಏಕೆ ಹೇರಬಾರದು ಅನ್ನುವುದರ ಬಗ್ಗೆ ಇವತ್ತು ಎರಡು ಮಾತು.

ನೆಟ್ಟಗಿರುವ ಅಕ್ಷರವನ್ನು ವಾಲಿಸಿದರೆ ಇಟಾಲಿಕ್ ಆಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಇಟಲಿಯ ವಿದ್ವಾಂಸರ ವೇಗದ ಕೈಬರಹದಿಂದ ಹುಟ್ಟಿದ ಬೇರೆಯೇ ಅಕ್ಷರ. 1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನೂಟಿಯಸ್, ವರ್ಜಿಲ್ ಕವಿಯ ಕೃತಿಗಳನ್ನು ಕೈಯಲ್ಲಿ ಹಿಡಿದು ಓದುವಂಥ ಚಿಕ್ಕ ಪುಸ್ತಕವಾಗಿ ತಂದ. ಇಡೀ ಪುಸ್ತಕ ಈ ಅಕ್ಷರದಲ್ಲೇ ಇತ್ತು. ಅದರ ಅಚ್ಚು ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ನೆಟ್ಟನೆಯ ಅಕ್ಷರದ ಜೊತೆಗಾರನಾಗಿ ಒಂದೇ ಸಾಲಿನಲ್ಲಿ ದುಡಿಯಲು ಇಟಾಲಿಕ್ ಶುರುಮಾಡಿದ್ದು ಆಮೇಲೆ.

1989ರಲ್ಲಿ ಬಂದ ಅಡೋಬಿ ಗ್ಯಾರಮಂಡ್‌ನಲ್ಲೂ ಇದು ಕಾಣುತ್ತದೆ. ನೆಟ್ಟನೆಯ ಅಕ್ಷರಕ್ಕೆ ಮಾದರಿ ಕ್ಲಾಡ್ ಗ್ಯಾರಮಂಡ್, ಇಟಾಲಿಕ್‌ಗೆ ರಾಬರ್ಟ್ ಗ್ರಾಂಜೋನ್. ಇಬ್ಬರೂ 16ನೇ ಶತಮಾನದ ಫ್ರಾನ್ಸಿನವರು. ಇಟಾಲಿಕ್‌ನ ಸಣ್ಣ 'ಎ' ಕೈಯಲ್ಲಿ ಬರೆದಂತೆ ಒಂದೇ ಸುತ್ತಿನದು, ಸಣ್ಣ 'ಎಫ್' ಸಾಲಿನ ಕೆಳಗೂ ಬಾಲ ಬಿಡುತ್ತದೆ, ಅಕ್ಷರಗಳ ಅಗಲವೂ ಕಡಿಮೆ.

ಇಂಗ್ಲಿಷಿಗೆ ಇದು ಬಹಳ ಉಪಯೋಗದ್ದು. ಪುಸ್ತಕದ ಹೆಸರು, ಹಡಗಿನ ಹೆಸರು, ಗಿಡ-ಪ್ರಾಣಿಗಳ ಲ್ಯಾಟಿನ್ ಹೆಸರು, ಪರಭಾಷೆಯ ಪದ, ಒತ್ತಿ ಹೇಳಬೇಕಾದ ಮಾತು, ಎಲ್ಲಕ್ಕೂ ಇಟಾಲಿಕ್.

ಆದರೆ ಕನ್ನಡಕ್ಕೆ? "ಅವಳು ನಾಳೆ ಬರುತ್ತಾಳೆ" ಅನ್ನುವುದರಲ್ಲಿ ನಾಳೆಯನ್ನು ಒತ್ತಿ ಹೇಳಬೇಕಾದರೆ ಇಂಗ್ಲಿಷಿನವರು ಆ ಪದವನ್ನು ಓರೆ ಮಾಡುತ್ತಾರೆ. ನಾವು "ನಾಳೆಯೇ" ಅನ್ನುತ್ತೇವೆ. "ನಾನೇ", "ಅಲ್ಲೇ", "ಕನ್ನಡವೇ"! ಒಂದು 'ಏ' ಸೇರಿಸಿದರೆ ಆಯಿತು. ಒತ್ತಿ ಹೇಳುವ ಶಕ್ತಿ ನಮ್ಮ ನುಡಿಯೊಳಗೇ ಇದೆ. ಪುಸ್ತಕದ ಹೆಸರಿಗೆ ಉದ್ಧರಣ ಚಿಹ್ನೆ ಸಾಕು, ತಲೆಬರಹಕ್ಕೆ ದಪ್ಪಕ್ಷರ ಇದೆ.

ಹೀಗಿದ್ದೂ ಕಂಪ್ಯೂಟರಿನಲ್ಲಿ ಗುಂಡಿ ಇದೆಯಲ್ಲ ಅಂತ ಕನ್ನಡವನ್ನೂ ವಾಲಿಸುತ್ತೇವೆ. ಇಟಾಲಿಕ್ ಇಲ್ಲದ ಫಾಂಟಿನಲ್ಲಿ ಆ ಗುಂಡಿ ಒತ್ತಿದರೆ ಯಂತ್ರ ಇರುವ ಅಕ್ಷರವನ್ನೇ ಬಗ್ಗಿಸುತ್ತದೆ. ಮೇಲಿನ ತಲೆಕಟ್ಟು ಬಲಕ್ಕೆ ಜರುಗುತ್ತದೆ, ಕೆಳಗಿನ ಒತ್ತಕ್ಷರ ಎಡಕ್ಕೆ ಸರಿಯುತ್ತದೆ, ಗುಂಡಗಿನ ಅಕ್ಷರ ಸೊಟ್ಟಗಾಗುತ್ತದೆ. ಅಪ್ಪ ಅಮ್ಮನ ಪಕ್ಕ ಕೂತು ಕನ್ನಡ ಕೂಡಿಸಿ ಓದುವ ನಮ್ಮ ಮಕ್ಕಳಿಗೆ ಈ ಕಷ್ಟ ಏಕೆ?

ಕನ್ನಡಕ್ಕೆ ಓರೆ ಅಕ್ಷರ ಬರಲೇಬಾರದು ಅಂತ ನಾನು ಹೇಳುತ್ತಿಲ್ಲ. ಬರುವುದಾದರೆ ನಮ್ಮವರ ಕೈಬರಹ ನೋಡಿ, ಒಂದೊಂದು ಅಕ್ಷರವನ್ನೂ ಹೊಸದಾಗಿ ಬರೆದು ಬರಲಿ. ಗ್ರಿಫೊ ತನ್ನ ನಾಡಿನ ಅಕ್ಷರಕ್ಕೆ ಮಾಡಿದ್ದು ಅದನ್ನೇ.

ಅಲ್ಲಿಯವರೆಗೆ ಸಂಚಿಕೆಗೆ ಲೇಖನ ಕಳಿಸುವ ಗೆಳೆಯರಲ್ಲಿ ಒಂದು ಕೋರಿಕೆ: ಇಂಗ್ಲಿಷ್ ಸಾಲಿಗೆ ಇಟಾಲಿಕ್ ಧಾರಾಳವಾಗಿ ಬಳಸಿ, ಕನ್ನಡವನ್ನು ನೆಟ್ಟಗೆ ನಿಲ್ಲಲು ಬಿಡಿ.

ಸಿರಿಗನ್ನಡಂ ಗೆಲ್ಗೆ!