ಗಡಿಯಾಚೆಗೆ ಒಯ್ದ ಕಿಡಿ



ಆ ಮುಖವನ್ನು ನೀವು ನಿಮ್ಮ ಕಾಲೇಜಿನ ಆವರಣದಲ್ಲೇ ಕಂಡಿರಬಹುದು. ಯಾವುದೋ ಗೆಳೆಯನ ಟೀ ಶರ್ಟಿನ ಮೇಲೆ, ಹಾಸ್ಟೆಲಿನ ಗೋಡೆಯ ಮೇಲೆ. ನಕ್ಷತ್ರವಿರುವ ಟೋಪಿ, ಹರಡಿದ ಕೂದಲು, ದೂರಕ್ಕೆಲ್ಲೋ ನೆಟ್ಟ ನೋಟ. ಅದು ಅರ್ನೆಸ್ಟೊ ಚೆ ಗೆವಾರಾನ ಮುಖ. ಆ ಛಾಯಾಚಿತ್ರವನ್ನು ತೆಗೆದದ್ದು 1960ರ ಮಾರ್ಚ್‌ನಲ್ಲಿ, ಕ್ಯೂಬಾದ ರಾಜಧಾನಿ ಹವಾನಾದಲ್ಲಿ. ಆಗ ಆತ ಕಾಡಿನಲ್ಲಿ ಅಡಗಿದ್ದ ಗೆರಿಲ್ಲಾ ಅಲ್ಲ, ಕ್ಯೂಬಾದ ರಾಷ್ಟ್ರೀಯ ಬ್ಯಾಂಕಿನ ಅಧ್ಯಕ್ಷ! ಮರುವರ್ಷ ಕೈಗಾರಿಕಾ ಸಚಿವನಾದ. ಅದಕ್ಕೂ ಮೊದಲು, 1959ರಲ್ಲಿ, ನಮ್ಮ ದೆಹಲಿಗೂ ಬಂದು ಪ್ರಧಾನಿ ನೆಹರೂ ಅವರನ್ನು ಕಂಡು ಹೋಗಿದ್ದ.

ಅಂಥವನು 1966ರ ನವೆಂಬರಿನಲ್ಲಿ ನೆತ್ತಿಯನ್ನು ಬೋಳು ಮಾಡಿಕೊಂಡು, ದಪ್ಪ ಕನ್ನಡಕ ಹಾಕಿಕೊಂಡು, ಉರುಗ್ವೆ ದೇಶದವನೆಂಬ ಸುಳ್ಳು ಪಾಸ್‌ಪೋರ್ಟ್ ಹಿಡಿದು ಬೊಲಿವಿಯಾದೊಳಗೆ ನುಸುಳಿದ. ಹನ್ನೊಂದು ತಿಂಗಳು ಕಳೆಯುವಷ್ಟರಲ್ಲಿ ಅಲ್ಲೇ ಸತ್ತ.

ಇದ್ದ ಪದವಿಯನ್ನು ಬಿಟ್ಟು, ಹೆಂಡತಿ ಮಕ್ಕಳನ್ನು ಬಿಟ್ಟು, ತನ್ನದಲ್ಲದ ದೇಶಕ್ಕೆ ಒಬ್ಬ ಮನುಷ್ಯ ಬಂಡಾಯವನ್ನು ಹೊತ್ತುಕೊಂಡು ಹೋಗುವುದೇಕೆ? ಸಾಹಸದ ಹುಚ್ಚು ಎನ್ನುವವರಿದ್ದಾರೆ. ತ್ಯಾಗ ಎನ್ನುವವರೂ ಇದ್ದಾರೆ. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿರಬಹುದು. ಆದರೆ ನನಗೆ ಕಾಣುವಂತೆ ಇದರ ಹಿಂದೆ ಒಂದು ಲೆಕ್ಕಾಚಾರವಿತ್ತು. ಆ ಲೆಕ್ಕದ ಹಿಂದೆ ಒಂದು ಭಯವೂ ಇತ್ತು.

ಆ ಭಯ ಹುಟ್ಟಿದ್ದು ಗ್ವಾಟೆಮಾಲಾದಲ್ಲಿ. ಅರ್ಜೆಂಟೀನಾದಲ್ಲಿ ಹುಟ್ಟಿ, ವೈದ್ಯಕೀಯ ಓದಿ ಮುಗಿಸಿದ ತರುಣ ಗೆವಾರಾ 1954ರಲ್ಲಿ ಆ ದೇಶದಲ್ಲಿದ್ದ. ಅಲ್ಲಿ ಜನರಿಂದ ಆಯ್ಕೆಯಾದ ಅಧ್ಯಕ್ಷ ಅರ್ಬೆನ್ಸ್ ಭೂಸುಧಾರಣೆ ತಂದಿದ್ದ. ಯುನೈಟೆಡ್ ಫ್ರೂಟ್ ಎಂಬ ಅಮೆರಿಕದ ಬಾಳೆಹಣ್ಣಿನ ಕಂಪನಿಯ ಪಾಳುಬಿದ್ದ ಜಮೀನೂ ಅದಕ್ಕೆ ಸಿಕ್ಕಿತು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬೆಂಬಲದಿಂದ ನಡೆದ ದಾಳಿಯಲ್ಲಿ ಆ ಸರ್ಕಾರವೇ ಉರುಳಿತು. ಅದನ್ನು ಕಣ್ಣಾರೆ ಕಂಡ ಗೆವಾರಾ ಮೆಕ್ಸಿಕೋಕ್ಕೆ ಓಡಿದ. ಮರುವರ್ಷ ಅಲ್ಲಿ ಫಿಡೆಲ್ ಕ್ಯಾಸ್ಟ್ರೊನ ಭೇಟಿಯಾಯಿತು. 1956ರ ಡಿಸೆಂಬರಿನಲ್ಲಿ 82 ಮಂದಿ ಒಂದು ಸಣ್ಣ ಹಡಗಿನಲ್ಲಿ ಕ್ಯೂಬಾ ತೀರಕ್ಕೆ ಹೋದದ್ದು, 1959ರ ಜನವರಿಯಲ್ಲಿ ಗೆದ್ದದ್ದು ನಿಮಗೆ ಗೊತ್ತಿರುವ ಕಥೆ.

ಗೆದ್ದ ಮೇಲೆ? ಊರಿನಲ್ಲಿ ಒಬ್ಬನೇ ಗೇಣಿದಾರ ಧಣಿಗೆ ಎದುರು ನಿಂತರೆ ಏನಾಗುತ್ತದೆಂದು ಊಹಿಸಿ. ಅವನನ್ನು ಒಕ್ಕಲೆಬ್ಬಿಸುವುದು ಧಣಿಗೆ ಕಷ್ಟವಲ್ಲ. ಹತ್ತು ಮಂದಿ ಒಟ್ಟಿಗೆ ನಿಂತರೆ ಆ ಮಾತು ಬೇರೆ. ಆದ್ದರಿಂದ ಆ ಮೊದಲನೆಯವನು ರಾತ್ರಿ ಹೊತ್ತು ನೆರೆಯವರ ಬಾಗಿಲು ತಟ್ಟುತ್ತಾನೆ. ಅವರ ಮೇಲಿನ ಪ್ರೀತಿಯಿಂದಲೂ ಹೌದು, ತನ್ನ ಉಳಿವಿಗಾಗಿಯೂ ಹೌದು. ಕ್ಯೂಬಾದ ಸ್ಥಿತಿ ಹೀಗೇ ಇತ್ತು. 1961ರ ಏಪ್ರಿಲ್‌ನಲ್ಲಿ ಅಮೆರಿಕದ ನೆರವಿನ ದಾಳಿ ನಡೆಯಿತು. 1962ರ ಆರಂಭದಲ್ಲಿ ಅಮೆರಿಕ ಖಂಡದ ದೇಶಗಳ ಒಕ್ಕೂಟದಿಂದ ಕ್ಯೂಬಾವನ್ನು ಹೊರಗಿಟ್ಟರು. ಅಮೆರಿಕದೊಡನೆ ವ್ಯಾಪಾರ ನಿಂತಿತು. ಅದೇ ವರ್ಷ ಅಕ್ಟೋಬರಿನ ಕ್ಷಿಪಣಿ ಬಿಕ್ಕಟ್ಟಿನಲ್ಲಿ ಸೋವಿಯತ್ ಒಕ್ಕೂಟ ಕ್ಯೂಬಾವನ್ನು ಒಂದು ಮಾತೂ ಕೇಳದೆ ಅಮೆರಿಕದೊಡನೆ ಒಪ್ಪಂದ ಮಾಡಿಕೊಂಡು ಕ್ಷಿಪಣಿಗಳನ್ನು ವಾಪಸು ಒಯ್ದಿತು. ನೆಚ್ಚಿದ ದೊಡ್ಡಣ್ಣನೂ ತನ್ನ ಲಾಭ ನೋಡಿಕೊಳ್ಳುತ್ತಾನೆ ಎಂಬುದು ಗೆವಾರಾಗೆ ಅಂದೇ ಅರ್ಥವಾಗಿರಬೇಕು. 1965ರಲ್ಲಿ ಅಲ್ಜೀರಿಯಾದ ವೇದಿಕೆಯೊಂದರಲ್ಲಿ ಅದನ್ನು ಬಹಿರಂಗವಾಗಿ ಆಡಿಯೂ ಬಿಟ್ಟ.

ಈ ವಿಚಾರ ಲ್ಯಾಟಿನ್ ಅಮೆರಿಕಕ್ಕೆ ಹೊಸದೇನಲ್ಲ. ಅರ್ಜೆಂಟೀನಾದ ಸೇನಾನಿ ಸಾನ್ ಮಾರ್ಟಿನ್ 1817ರಲ್ಲಿ ಸೈನ್ಯದೊಡನೆ ಆಂಡೀಸ್ ಪರ್ವತ ದಾಟಿ ಚಿಲಿಗೆ, ಅಲ್ಲಿಂದ ಪೆರುವಿಗೆ ಹೋದದ್ದು ಇದೇ ಕಾರಣಕ್ಕೆ: ಪೆರುವಿನಲ್ಲಿ ಸ್ಪೇನಿನ ಬಲ ಇರುವವರೆಗೆ ಅರ್ಜೆಂಟೀನಾದ ಸ್ವಾತಂತ್ರ್ಯಕ್ಕೆ ಭದ್ರತೆಯಿಲ್ಲ. ಬೊಲಿವಿಯಾ ಎಂಬ ಹೆಸರೇ ವೆನೆಜುವೆಲಾದಿಂದ ಹೊರಟು ದೇಶ ದೇಶಗಳನ್ನು ಬಿಡಿಸಿದ ಬೊಲಿವಾರನದು. ಗೆವಾರಾನ ಕಣ್ಣಿಗೆ ಆ ಇಡೀ ಖಂಡ ಒಂದೇ ಮನೆಯಾಗಿತ್ತು. ಕ್ಯೂಬಾದಲ್ಲಿ ಹೋರಾಡಿದಾಗಲೂ ಆತ ಪರದೇಶಿಯೇ ಅಲ್ಲವೇ?

ಮೊದಲು ಕಾಂಗೋಕ್ಕೆ ಹೋದ. 1965ರ ಏಪ್ರಿಲ್‌ನಿಂದ ನವೆಂಬರಿನವರೆಗೆ ಅಲ್ಲಿದ್ದು, ಸೋತು ಬಂದ. ಅದು ಸೋಲಿನ ಕಥೆಯೆಂದು ತಾನೇ ಬರೆದ. ಆಮೇಲೆ ಬೊಲಿವಿಯಾ. ಭೂಪಟ ತೆಗೆದು ನೋಡಿ. ಅರ್ಜೆಂಟೀನಾ, ಚಿಲಿ, ಪೆರು, ಬ್ರೆಜಿಲ್, ಪರಾಗ್ವೆ ಎಂಬ ಐದು ದೇಶಗಳ ಗಡಿ ಅದಕ್ಕೆ ತಾಗಿದೆ. ಅಲ್ಲಿ ಹೊತ್ತಿಸಿದರೆ ಸುತ್ತಲೂ ಹಬ್ಬುತ್ತದೆ, ತನ್ನ ಹುಟ್ಟೂರಿನ ದೇಶಕ್ಕೂ ದಾರಿಯಾಗುತ್ತದೆ. ವಿಯೆಟ್ನಾಮಿನಲ್ಲಿ ಸಿಲುಕಿರುವ ಅಮೆರಿಕ ಇನ್ನೂ ಹಲವು ಕಡೆ ಸೈನ್ಯ ಹಂಚಬೇಕಾಗುತ್ತದೆ. ಭೂಪಟದ ಮೇಲೆ ಈ ಲೆಕ್ಕದಲ್ಲಿ ತಪ್ಪಿಲ್ಲ.

ಆದರೆ ಭೂಪಟದಲ್ಲಿ ರೈತನ ಮನಸ್ಸು ಕಾಣುವುದಿಲ್ಲ, ನೋಡಿ. ಕ್ಯೂಬಾದ ಸಿಯೆರ್ರಾ ಮಾಯಿಸ್ತ್ರಾ ಬೆಟ್ಟಗಳ ಬಡವರಿಗೆ ಉಳುವ ನೆಲದ ಹಕ್ಕುಪತ್ರವಿರಲಿಲ್ಲ, ಒಕ್ಕಲೆಬ್ಬಿಸುವ ಹೆದರಿಕೆ ದಿನವೂ ಇತ್ತು. ಬೊಲಿವಿಯಾದಲ್ಲಿ 1952ರಲ್ಲೇ ಒಂದು ಕ್ರಾಂತಿ ನಡೆದು, 1953ರ ಭೂಸುಧಾರಣೆಯಲ್ಲಿ ರೈತರಿಗೆ ಜಮೀನು ಸಿಕ್ಕಿತ್ತು. ಅಧ್ಯಕ್ಷ ಬಾರಿಯೆಂಟೋಸ್ ಸೇನಾಧಿಕಾರಿಯಾದರೂ 1966ರಲ್ಲಿ ಚುನಾವಣೆ ಗೆದ್ದವನು, ಹಳ್ಳಿಗರ ಕ್ವೆಚುವಾ ಭಾಷೆಯಲ್ಲಿ ಸಲೀಸಾಗಿ ಮಾತಾಡುವವನು. ಹೇಗೋ ಮತ ಪಡೆದು ಕಾನೂನಿನ ತೋರಿಕೆಯನ್ನಾದರೂ ಉಳಿಸಿಕೊಂಡ ಸರ್ಕಾರವಿರುವ ಕಡೆ ಗೆರಿಲ್ಲಾ ಯುದ್ಧ ಬೇರೂರದು ಎಂದು 1960ರ ತನ್ನ ಪುಸ್ತಕದಲ್ಲಿ ಬರೆದವನು ಇದೇ ಗೆವಾರಾ. ಮುಂದೆ ಆ ಮಾತನ್ನು ಆತನೇ ಸಡಿಲಿಸಿದ. ಒಣ ಸೌದೆಗೆ ಕಿಡಿ ಸಾಕು. ಹಸಿ ಸೌದೆಗೆ ಎಷ್ಟು ಊದಿದರೂ ಹೊಗೆಯೇ.

ಇನ್ನೊಂದು ಸಂಗತಿ ಕೇಳಿ. ಅವನ ಜೊತೆಗಾರರು ಕಷ್ಟಪಟ್ಟು ಕ್ವೆಚುವಾ ಕಲಿತರು. ಆದರೆ ಅವರು ನೆಲೆಸಿದ ಞಾಂಕಾವಾಸು ಪ್ರದೇಶದ ಮೂಲನಿವಾಸಿಗಳ ನುಡಿ ಗ್ವಾರಾನಿ! ಸ್ಥಳೀಯ ಕಮ್ಯುನಿಸ್ಟ್ ಪಕ್ಷದ ನಾಯಕ ಮಾರಿಯೊ ಮೊನ್ಹೆ 1966ರ ಡಿಸೆಂಬರ್ 31ರಂದು ಶಿಬಿರಕ್ಕೇ ಬಂದು, ಬೊಲಿವಿಯಾದಲ್ಲಿ ಹೋರಾಟದ ನಾಯಕತ್ವ ತನಗಿರಬೇಕೆಂದು ಕೇಳಿದ. ಗೆವಾರಾ ಒಪ್ಪಲಿಲ್ಲ. ಪಕ್ಷ ಕೈಬಿಟ್ಟಿತು. ಮೊನ್ಹೆಯನ್ನು ದ್ರೋಹಿ ಎಂದು ಬೈಯುವವರು ಬಹಳ. ನನಗೇನೋ ಅವನ ಕೇಳಿಕೆಯಲ್ಲಿ ನ್ಯಾಯವಿತ್ತು ಎನ್ನಿಸುತ್ತದೆ. ನಮ್ಮ ಮನೆಯ ಜಗಳಕ್ಕೆ ಹೊರಗಿನವನು ಯಜಮಾನನಾದರೆ ನಾವು ಸುಮ್ಮನಿರುತ್ತೇವೆಯೇ?

ನಿಜಕ್ಕೂ ಕುದಿಯುತ್ತಿದ್ದವರು ತವರದ ಗಣಿಗಳ ಕಾರ್ಮಿಕರು. 1967ರ ಜೂನ್ 24ರ ನಸುಕಿನಲ್ಲಿ ಸೈನ್ಯ ಅವರ ವಸತಿಗಳ ಮೇಲೆ ಗುಂಡಿನ ಮಳೆಗರೆಯಿತು. ಆ ಗಣಿಗಳಿದ್ದದ್ದು ಎತ್ತರದ ಪ್ರಸ್ಥಭೂಮಿಯಲ್ಲಿ. ಗೆವಾರಾ ಇದ್ದದ್ದು ಬಹು ದೂರದ ಕುರುಚಲು ಕಾಡಿನ ಕಣಿವೆಗಳಲ್ಲಿ.

ಗುಂಪಿನಲ್ಲಿದ್ದವರು ಐವತ್ತರ ಆಸುಪಾಸು. ಆಗಸ್ಟ್ 31ರಂದು ಅವರಲ್ಲಿ ಒಂದು ತಂಡ ಹೊಳೆ ದಾಟುವಾಗ ಸೈನ್ಯದ ಗುಂಡಿಗೆ ಸಿಕ್ಕಿತು; ದಾರಿ ತೋರಿಸಿದ ರೈತನೇ ಮೊದಲು ಸೈನ್ಯಕ್ಕೆ ಸುಳಿವು ಕೊಟ್ಟಿದ್ದ. ಗೆವಾರಾ ದಿನವೂ ಡೈರಿ ಬರೆಯುತ್ತಿದ್ದ. ಪ್ರತಿ ತಿಂಗಳ ಕೊನೆಗೆ ಲಾಭನಷ್ಟದ ಲೆಕ್ಕ ಹಾಕುತ್ತಿದ್ದ. ರೈತರು ಸೇರುತ್ತಿಲ್ಲ ಎಂಬ ಕೊರಗು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಕೊನೆಯವರೆಗೂ ಒಬ್ಬನೇ ಒಬ್ಬ ರೈತನೂ ಸೇರಲಿಲ್ಲ. ಅಕ್ಟೋಬರ್ 8ರಂದು, ಅಮೆರಿಕದವರು ತರಬೇತಿ ಕೊಟ್ಟಿದ್ದ ಸೈನಿಕರು ಅವನನ್ನು ಹಿಡಿದರು. ಮರುದಿನ ಲಾ ಹಿಗೆರಾ ಎಂಬ ಹಳ್ಳಿಯ ಶಾಲೆಯ ಮಣ್ಣಿನ ಕೋಣೆಯಲ್ಲಿ ಕೊಂದರು. ಆಗ ಅವನ ವಯಸ್ಸು 39.

ಡೈರಿಯ ಕೊನೆಯ ಪುಟ ಅಕ್ಟೋಬರ್ 7ರದು. ಆ ದಿನ ಕಣಿವೆಯಲ್ಲಿ ಒಬ್ಬ ಮುದುಕಿ ಮೇಕೆ ಮೇಯಿಸುತ್ತಾ ಎದುರಾದಳು. ಸೈನಿಕರ ಬಗ್ಗೆ ಕೇಳಿದರೆ ಅವಳಿಂದ ಸರಿಯಾದ ಉತ್ತರವೇ ಬರಲಿಲ್ಲ. ಸಂಜೆ ಅವಳ ಮನೆಗೇ ಹೋದರು. ಕೈಗೆ 50 ಪೆಸೊ ಕೊಟ್ಟು, ತಮ್ಮನ್ನು ಕಂಡದ್ದನ್ನು ಯಾರಿಗೂ ಹೇಳಬೇಡ ಎಂದು ಕೇಳಿಕೊಂಡರು. ಅವಳು ಮಾತು ಉಳಿಸಿಕೊಳ್ಳುತ್ತಾಳೆಂಬ ಆಸೆ ಹೆಚ್ಚೇನಿಲ್ಲ ಎಂದು ಬರೆದು, ರಾತ್ರಿ ಸಣ್ಣ ಬೆಳದಿಂಗಳಿನಲ್ಲಿ ಆತ ತನ್ನ 16 ಮಂದಿಯೊಡನೆ ಮುಂದೆ ನಡೆದ.