ನಮ್ಮ ನಂತರ ಬರುವವರ ಹಕ್ಕು

(ಜುಮಾ ಖುತ್ಬಾದ ಸಾರಾಂಶ)



ಹೆಚ್ಚಿನ ಫಿಕ್ಹ್ ಗ್ರಂಥಗಳು ಆರಂಭವಾಗುವುದೇ ತಹಾರತ್, ಅಂದರೆ ಶುದ್ಧಿಯ ಅಧ್ಯಾಯದಿಂದ. ನಮಾಝಿನ ಮಾತು ಅದರ ನಂತರ. ಶೌಚಕ್ಕೆ ಹೋಗುವಾಗ ಎಡಗಾಲು ಮೊದಲು ಎಂಬುದು ಮದ್ರಸದ ಪುಟ್ಟ ಮಗುವಿಗೂ ಗೊತ್ತು. ಆದರೆ ಶುದ್ಧಿ ಎಂದರೆ ನಮ್ಮ ಮೈ-ಬಟ್ಟೆಯದು ಮಾತ್ರವೇ? ನಾವು ಬಳಸಿ ಬಿಟ್ಟುಬಂದ ಜಾಗದ್ದಲ್ಲವೇ?

ಜನರು ನಡೆಯುವ ದಾರಿಯಲ್ಲಿ, ಅವರು ವಿಶ್ರಮಿಸುವ ನೆರಳಿನಲ್ಲಿ ಮಲಮೂತ್ರ ವಿಸರ್ಜಿಸುವುದು ಶಾಪಕ್ಕೆ ಕಾರಣ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಇಂದು ಪ್ರಯಾಣಿಕನಿಗೆ ದಾರಿಯೂ ನೆರಳೂ ರೈಲು ನಿಲ್ದಾಣವೇ. ಬೆಂಗಳೂರು, ಹುಬ್ಬಳ್ಳಿಯಂಥ ನಿಲ್ದಾಣಗಳಲ್ಲಿ ಒಂದೇ ಶೌಚಾಲಯವನ್ನು ಹಗಲಿರುಳು ಎಷ್ಟೋ ಜನ ಬಳಸುತ್ತಾರೆ. ಅದು ಕೊಳಕಾಗಿದ್ದರೆ ಹೆಚ್ಚು ನರಳುವವರು ಯಾರು? ಒಳಗೆ ಕಾಲಿಡಲು ಅಂಜಿ ಪ್ರಯಾಣದುದ್ದಕ್ಕೂ ನೀರು ಕುಡಿಯದೆ ಕುಳಿತ ನಮ್ಮ ತಾಯಿ, ಮಗಳು. ಮೂತ್ರ ತಡೆಯಲಾಗದ ಸಕ್ಕರೆ ಕಾಯಿಲೆಯ ಹಿರಿಯರು.

ನಿರ್ವಹಣೆ ರೈಲ್ವೆಯ ಹೊಣೆ, ಸಂಶಯವಿಲ್ಲ. ಗೋಡೆಗೆ ಹೊಸ ಟೈಲ್ಸ್ ಹಾಕಿ ಹಳೆಯ ಪೈಪನ್ನು ಹಾಗೆಯೇ ಬಿಟ್ಟರೆ ಅದು ನವೀಕರಣವಲ್ಲ. ನಲ್ಲಿಯಲ್ಲಿ ನೀರು, ಬಾಗಿಲಿಗೆ ಚಿಲಕ, ದೀಪ, ಕಸದ ಬುಟ್ಟಿ, ವೃದ್ಧರಿಗೆ ಹಿಡಿದು ಏಳಲು ಸರಳು ಇರಬೇಕು. ಕೆಟ್ಟದ್ದು ಕೂಡಲೇ ದುರಸ್ತಿಯಾಗಬೇಕು. ಇಲ್ಲದಿದ್ದರೆ 139ಕ್ಕೆ ಕರೆ ಮಾಡಿ, ರೈಲ್ ಮದದ್ ಆ್ಯಪ್‌ನಲ್ಲಿ ದೂರು ಕೊಡಿ. ಮೂಗು ಮುಚ್ಚಿ ಹೊರಬಂದು ಬೈಯುವುದಕ್ಕಿಂತ ಇದು ಉತ್ತಮ.

ಆದರೆ ನಮ್ಮ ಪಾಲಿನ ಲೆಕ್ಕವೂ ಇದೆ. ಡೈಪರ್, ಪ್ಯಾಡ್, ಗುಟ್ಕಾ ಚೀಟಿ ಗುಂಡಿಗೆ ಹಾಕುವವರು ಯಾರು? ಕಮೋಡ್ ಮೇಲೆ ಚಪ್ಪಲಿ ಕಾಲಲ್ಲಿ ಹತ್ತುವವರು ಯಾರು? ಕೈ ತೊಳೆಯುವ ಬೇಸಿನ್‌ಗೆ ಕಾಲು ಎತ್ತಿಟ್ಟು ವುಝೂ ಮಾಡಿ, ನೆಲವೆಲ್ಲ ನೀರು ಚೆಲ್ಲಿ ನಮಾಝಿಗೆ ಓಡುತ್ತೇವಲ್ಲ, ಹಿಂದಿನಿಂದ ಬಂದ ಮುದುಕ ಜಾರಿ ಬಿದ್ದರೆ? ಬಾಟಲಿಯ ನೀರಿನಲ್ಲಿ, ಮೋರಿಯ ಬದಿ ಕುಳಿತು ವುಝೂ ಮಾಡಬಹುದು. ಪ್ರವಾದಿವರ್ಯರು(ಸ) ಅತ್ಯಲ್ಪ ನೀರಿನಲ್ಲೇ ವುಝೂ ಮಾಡುತ್ತಿದ್ದರು.

ಮಲವನ್ನು ಕೈಯಿಂದ ಎತ್ತಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಆದರೂ ನಾವು ಎಸೆದ ಡೈಪರ್ ಪೈಪಿನಲ್ಲಿ ಸಿಕ್ಕಿಕೊಂಡರೆ, ಅದನ್ನು ತೆಗೆಯಲು ಯಾರೋ ಒಬ್ಬರು ಕೈ ಹಾಕಬೇಕಾಗಿ ಬರುತ್ತದೆ. ಅವರೂ ಒಂದು ಮನೆಯ ತಾಯಿ, ತಂದೆ. ನಮ್ಮ ಸೋಮಾರಿತನಕ್ಕೆ ಅವರ ಮಾನ ಬೆಲೆಯಾಗಬೇಕೇ?

ಮಸೀದಿ ಗುಡಿಸುತ್ತಿದ್ದ ಮಹಿಳೆಯೊಬ್ಬರು ತೀರಿಕೊಂಡಾಗ ಜನ ಅದನ್ನು ಸಣ್ಣ ವಿಷಯವೆಂದು ಪ್ರವಾದಿವರ್ಯರಿಗೆ(ಸ) ತಿಳಿಸಿರಲಿಲ್ಲ. ಅವರು ತಾವೇ ವಿಚಾರಿಸಿ, ಆಕೆಯ ಕಬರಿನ ಬಳಿಗೆ ಹೋಗಿ ಪ್ರಾರ್ಥಿಸಿದರು. ನಿಲ್ದಾಣದಲ್ಲಿ ಪೊರಕೆ ಹಿಡಿದವರನ್ನು ಕಂಡಾಗ ಇದು ನೆನಪಿರಲಿ. ಗದರಿಸಬೇಡಿ, ಒಂದು ಒಳ್ಳೆಯ ಮಾತಾಡಿ.

ಮುಂದಿನ ಪ್ರಯಾಣದಲ್ಲಿ ಒಂದು ಹಳೆಯ ಪತ್ರಿಕೆ, ಒಂದು ಚೀಲ ಜೊತೆಗಿರಲಿ. ಮಗುವಿನ ಡೈಪರನ್ನು ಸುತ್ತಿ ಬುಟ್ಟಿಗೆ ಹಾಕಿ. ಹೊರಬರುವ ಮೊದಲು ಒಂದು ಮಗ್ ನೀರು ಸುರಿಯಿರಿ. ಮುಂದಿನವರು ಯಾವ ಧರ್ಮದವರೆಂದು ನಮಗೆ ತಿಳಿಯದು; ತಿಳಿಯಬೇಕಾಗಿಯೂ ಇಲ್ಲ. ಅವರ ಹಕ್ಕು ನಮ್ಮ ಮೇಲಿದೆ.

ಅಲ್ಲಾಹನು ನಮ್ಮ ಒಳಗನ್ನೂ ಹೊರಗನ್ನೂ ಶುದ್ಧಗೊಳಿಸಲಿ. ನಮ್ಮಿಂದ ಯಾರಿಗೂ ತೊಂದರೆಯಾಗದಂತೆ ಬದುಕುವ ತೌಫೀಕ್ ನೀಡಲಿ. ಆಮೀನ್.